ಬೀಗರೂಟದಲ್ಲಿ ಒಂದು ಎಲೆ

ಅರಕಲಗೂಡಿನ ಛತ್ರ. ಅಕ್ಕನ ಮಗಳ ಬೀಗರೂಟ.
ಎಲೆಯ ತುದಿಗೆ ಉಪ್ಪು, ಈರುಳ್ಳಿ, ನಿಂಬೆಹೋಳು,
ನಡುವೆ ಹೊಗೆಯಾಡುವ ಮುದ್ದೆ.
ಬಕೆಟ್ಟು ಹಿಡಿದು ಬಂದ ಭಾವಮೈದ ಜವರೇಶ
ಸೌಟು ಅದ್ದಿ ಅದ್ದಿ ನಲ್ಲಿಮೂಳೆಯನ್ನೇ ಹುಡುಕಿ ಎತ್ತಿದ,
ನನ್ನ ಮೇಲಿನ ಪ್ರೀತಿಗೆ.
ನಾನು ಎಲೆಗೆ ಅಂಗೈ ಅಡ್ಡ ಹಿಡಿದೆ.

ಒಂದು ಅಂಗೈ, ಅಷ್ಟೆ.
ಸಾಲಿನ ಅಷ್ಟೂ ತುತ್ತು
ಬಾಯಿಗೆ ಹೋಗುವ ದಾರಿಯಲ್ಲಿ ನಿಂತವು.

‘ಯಾಕ್ ಭಾವ, ವಾರ ಮಾಡ್ತಿದ್ದೀಯ?’
ಇಲ್ಲ.
‘ಮಾಲೆ ಹಾಕಿದ್ದೀಯ?’
ಇಲ್ಲ.
‘ಶುಗರ್ರಾ? ಡಾಕ್ಟ್ರು ಬ್ಯಾಡ ಅಂದ್ರಾ?’
ಹೂಂ ಅಂದಿದ್ದರೆ ಮುಗಿಯುತ್ತಿತ್ತು.
ದೇವರಿಗೆ ಮಾಫಿ ಉಂಟು, ಕಾಯಿಲೆಗೂ ಉಂಟು,
ಸುಮ್ಮನೆ ಬೇಡವೆನಿಸಿದ ಗಂಡಸಿಗೆ
ಈ ಛತ್ರದಲ್ಲಿ ಚಾಪೆಯಿಲ್ಲ.

‘ಪುಳ್ಚಾರ್ ಆಗ್ಬುಟ್ಟ ಕಣ್ರಲಾ’
ಅಂದಿತು ಕಂಬದ ಪಕ್ಕದ ಮೀಸೆ.
ಅದೂ ಅಲ್ಲ ಕಣಪ್ಪ.
ಮೊನ್ನೆ ಜೋಯಿಸರ ಮನೆಯ ಗೃಹಪ್ರವೇಶದಲ್ಲಿ
ತುಪ್ಪದ ಮಿಳ್ಳೆಗೂ ಇದೇ ಅಂಗೈ, ಮಜ್ಜಿಗೆಗೂ ಇದೇ.
ಅವರೂ ಹೀಗೇ ನೋಡಿದರು,
ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ.
ಅತ್ತ ನಾಟಿಕೋಳಿ, ಇತ್ತ ಕೆನೆಮೊಸರು,
ನಡುವೆ ಒಂದು ಬರೀ ಎಲೆ.

‘ಹಂಗಾರೆ ಮನೇಲೂ...’
ಯಾರೋ ಅರ್ಧಕ್ಕೆ ಬಿಟ್ಟ ಮಾತನ್ನು
ಉಳಿದವರು ನಕ್ಕು ಪೂರ್ತಿ ಮಾಡಿದರು.
ಎದುರು ಸಾಲಿನಲ್ಲಿ ನನ್ನ ಹೆಂಡತಿ ಮಂಗಳ
ತಲೆ ತಗ್ಗಿಸಲಿಲ್ಲ. ಮೂಳೆ ಚೀಪುತ್ತಲೇ
ನನ್ನತ್ತ ಒಮ್ಮೆ ಹುಬ್ಬು ಹಾರಿಸಿದಳು.
ಅವಳ ಊಟ ಅವಳದು.

ಹಾಸನದಲ್ಲಿ ಜಿಮ್ಮಿಗೆ ಹೋಗುವ ಹುಡುಗನೊಬ್ಬ
‘ಪ್ರೋಟೀನು ಎಲ್ಲಿಂದ ಮಾಮ?’ ಎಂದು ನನ್ನ ತೋಳು ಹಿಂಡಿದ.
ದಿನಾ ನಲವತ್ತು ಲೀಟರಿನ ಕ್ಯಾನು ಎತ್ತುವ ತೋಳು.
ಏನೂ ಹೇಳದೆ ಬಿಟ್ಟ.

‘ತಾಯಿ ಹಾಲು ಕುಡಿದ ಗಂಡಸಾದ್ರೆ ತಿನ್ನು ನೋಡಾನ!’
ಜವರೇಶನ ಸೌಟು ಇನ್ನೂ ಗಾಳಿಯಲ್ಲಿ.
ಕುಡಿದಿದ್ದೇನಪ್ಪ, ಮೂರು ವರ್ಷ.
ಬೇವಿನೆಣ್ಣೆ ಹಚ್ಚಿಕೊಂಡರೂ ಬಿಡಲಿಲ್ಲವಂತೆ.
ನಮ್ಮವ್ವನದು ನನಗೆ ಸಾಕಾಯಿತು.
ಬೇರೆಯವರ ಅವ್ವನದನ್ನು
ಬೆಳಗ್ಗೆ ಸಂಜೆ ಅಳೆಯುವುದು ನನ್ನ ಕೆಲಸ.

ದುದ್ದದ ಹತ್ತಿರ ನಮ್ಮೂರ ಡೈರಿಗೆ ನಾನೇ ಕಾರ್ಯದರ್ಶಿ.
ಐದೂವರೆಗೆ ಬಾಗಿಲು. ಡಿಗ್ರಿ, ಫ್ಯಾಟು, ಚೀಟಿ.
ಹನ್ನೊಂದು ವರ್ಷ ಹಾಲೆಂದರೆ ಬಿಳೀ ಲೆಕ್ಕ.
ಹೋದ ಮಾಗಿಯಲ್ಲಿ ಪುಟ್ತಾಯಮ್ಮನ ಸೀಮೆಹಸು ಕರು ಹಾಕಿತು.
ಟಾರ್ಚು ಹಿಡಿದಿದ್ದವನು ನಾನು.
ಬಾಲ ಎತ್ತಿ ನೋಡಿ ಅವಳೆಂದಳು:
‘ಥೂ, ಗಂಡು.’

ಗಂಡು ಹುಟ್ಟಿತೆಂದು ಮುಖ ಬಾಡುವುದು
ನಮ್ಮ ಸೀಮೆಯಲ್ಲಿ ಕೊಟ್ಟಿಗೆಯೊಳಗೆ ಮಾತ್ರ.
ಉಳುಮೆ ಟ್ರ್ಯಾಕ್ಟರಿನದು,
ಬೀಜ ಡಾಕ್ಟರ ಬೈಕಿನ ಮೇಲೆ ಬರುತ್ತದೆ,
ಇದಕ್ಕೇನು ಕೆಲಸ?
ಎಂಟನೇ ದಿನ ಟೆಂಪೋ ಬಂತು.
ಅದು ನನ್ನ ಹೆಬ್ಬೆರಳು ಚೀಪುತ್ತಿತ್ತು.
ಬಿಡಿಸಿಕೊಳ್ಳಲು ಬೇವಿನೆಣ್ಣೆ ಬೇಕಾಗಲಿಲ್ಲ.

ಬೀಗರೂಟದಲ್ಲಿ ಹೇಳುವ ಮಾತಲ್ಲ ಇದು.
ಹೇಳಿದರೆ ಇದನ್ನೂ ಹೇಳಬೇಕಾಗುತ್ತದೆ:
ಅವತ್ತು ಸಂಜೆ ಪುಟ್ತಾಯಮ್ಮನಿಗೆ
ಎಂಟು ಲೀಟರಿನ ಚೀಟಿ ಹರಿದು ಕೊಟ್ಟವನು ನಾನೇ.
ಇವತ್ತೂ ಕೊಟ್ಟೇ ಬಸ್ಸು ಹತ್ತಿದೆ.
ಆ ಚೀಟಿಯಲ್ಲೇ ನನ್ನ ಮುದ್ದೆ.

ಹಾಗಾಗಿ ‘ಹುರುಳಿ ಸಾರು ಐತಾ?’ ಎಂದಷ್ಟೇ ಕೇಳಿದೆ.
‘ಕುದುರೆ ತಿನ್ನೋದು ಕೇಳ್ತಾವ್ನೆ!’ ಮೀಸೆ ಕೆನೆಯಿತು.
ಜವರೇಶ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ.
ಅಡುಗೆಯವರು ತಮಗೆಂದು ಎತ್ತಿಟ್ಟಿದ್ದ ಹುರುಳಿಕಟ್ಟನ್ನು
ಚೊಂಬಿನಲ್ಲಿ ತಂದು ಸುರಿದ,
ಮುಖ ಬೇರೆ ಕಡೆ ತಿರುಗಿಸಿಕೊಂಡು.

ಮಾತಿನಲ್ಲಿ ಹುರುಳಿರಲಿಲ್ಲ, ಸಾರಿನಲ್ಲಿತ್ತು.
ಒಂದು ಮುದ್ದೆ ಇಳಿಯಿತು. ಎರಡನೆಯದು ಹಾಕಿಸಿಕೊಂಡೆ.
ಸಾಲಿಗೆ ಸಾಲೇ ಲೆಕ್ಕ ಇಡುತ್ತಿದ್ದುದು ಕಂಡು
ಮೂರನೆಯದನ್ನೂ.

ಮೂರನೆಯದು ಹೊಟ್ಟೆಗೆ ಬೇಕಿರಲಿಲ್ಲ.