ಖಾರಪುಡಿ

ಹುಬ್ಬಳ್ಳ್ಯಾಗ ನನ್ನ ಹೆಸರು ಖಾರಪುಡಿ ಶೇಕ್ಯಾ.
ಚಾಕು ಇಟಗೊಳ್ಳಾವರು ಬ್ಯಾರೆ ಇದ್ರು,
ನನ್ನ ಕಿಸೆದಾಗ ಪೇಪರಿನ ಪೊಟ್ಟಣ, ಅಷ್ಟ.
ಅವ್ವನ ಡಬ್ಬಿಯಿಂದ ಎರಡ ಚಮಚಾ.
ಅವತ್ತ ಸಾರು ಸಪ್ಪಗಾತು. ಅಕಿ ಏನೂ ಕೇಳಲಿಲ್ಲ.

ಗಿರಣಿಚಾಳದ ತಿರುವಿನ್ಯಾಗ
ಪಿಗ್ಮಿ ಎತ್ತಾವ ಸೈಕಲ್ ಮ್ಯಾಲ ಬಂದ.
ನಾ ತೂರಿದೆ, ಯಮನೂರಿ ಚೀಲ ಎಳದ.
ನಾಕ ಸಾವಿರದ ಎರಡನೂರು;
ನನ್ನ ಪಾಲಿಗೆ ಮುನ್ನೂರು.
ಗಟಾರದ ಕಟ್ಟಿ ಹಿಡಕೊಂಡು ಕುಂತ ಆ ಮನಶ್ಯಾ
"ನೀರು, ಯಾರರ ನೀರು" ಅಂದದ್ದು
ಓಡೂ ಮುಂದ ಕಿವಿಗೆ ಬಿತ್ತು.
ಎದುರಿಗೇ ನಳ ಇತ್ತು.

ಹದಿನಾಲ್ಕ ತಿಂಗಳು ಒಳಗ.
ಹೊರಗ ಬಂದಮ್ಯಾಲ ಗ್ಯಾರೇಜಿನಾವ
ನನ್ನ ಆಧಾರ್ ನೋಡಿದ, ಮಾರಿ ನೋಡಿದ,
ಆಮ್ಯಾಲ ತನ್ನ ಗಲ್ಲಾಪೆಟಗಿ ನೋಡಿದ.

ಕಡೀಕ ಹೆಂಡ್ತಿಯ ಸೋದರಮಾವ ಗುಡದಪ್ಪ
ಬ್ಯಾಡಗಿ ಪ್ಯಾಟ್ಯಾಗ ಹಮಾಲಿ ಕೊಡಿಸಿದ.
ಮೊದಲನೇ ದಿನ ಚೀಲ ಹೆಗಲಿಗೇರಿಸಿ
ಕೆಮ್ಮಿದೆ, ಸೀನಿದೆ, ಕಣ್ಣೀರು ಸುರದು ದಾರಿ ಕಾಣಲಿಲ್ಲ.
ಎಲ್ಲಾರೂ ನಕ್ಕರು. ನಗಲಿ.
ಎರಡ ಚಮಚಾ ಕದ್ದಾವಗ ನಲವತ್ತ ಕಿಲೋ ಹೊರಸ್ತಾನಲ್ಲ,
ದೇವರ ಲೆಕ್ಕಾ ಪಕ್ಕಾ,
ಬಡ್ಡಿ ಮಾತ್ರ ಜಾಸ್ತಿ.

ಆಷಾಢದಾಗ ಪ್ಯಾಟಿ ಖಾಲಿ ಬಿತ್ತು.
ಯಮನೂರಿ ಬಂದ. ಹೊಸಾ ಬೈಕು, ಹಳೇ ನಗಿ.
"ಒಂದ ರಾತ್ರಿ, ಶೇಕ್ಯಾ. ಗಾಡಿ ಚಾಲೂ ಇಟಗೊಂಡು ನಿಂದ್ರು ಸಾಕು.
ಇಪ್ಪತ್ತ ಸಾವಿರ."
ಒಲ್ಲೆ ಅಂದೆ ಅಂತ ಹೇಳಿದ್ರ ಸುಳ್ಳು.
ನಾಳೆ ಹೇಳತೇನಿ ಅಂದೆ.

ರಾತ್ರಿ ಪೂರಾ ಆ ಇಪ್ಪತ್ತ ಸಾವಿರ ಖರ್ಚ ಮಾಡಿದೆ:
ಮೂರು ತಿಂಗಳ ಬಾಡಗಿ, ಮಗಳ ಶಾಲಿ ಬೂಟು,
ಹುಲಿಗೆವ್ವ ವರ್ಷದಿಂದ ಲವಂಗ ಇಟ್ಟ ನೂಕತಿರೂ ಹಲ್ಲು,
ಒಂದ ಚೀಲ ಅಕ್ಕಿ,
ಉಳದದ್ದು ವಕೀಲಗ.
ವಕೀಲಗ ಅಂದ ಕೂಡ್ಲೆ ನನಗ ನಗಿ ಬಂತು,
ಹುಲಿಗೆವ್ವ ಎದ್ದು ಲೈಟ್ ಹಾಕಿದ್ಲು.

ಮುಂಜಾನೆ ಫೋನ್ ಹದಿನೇಳ ಸಲ ಬಡಕೊಂತು.
ಎತ್ತಲಿಲ್ಲ.
ಎತ್ತದ ಕುಂದ್ರೂದೂ ಒಂದ ಹಮಾಲೀನ;
ಕೂಲಿ ಇಲ್ಲ, ಅಷ್ಟ.

ಐತವಾರಕ್ಕೊಮ್ಮೆ ಈಗೂ ಠಾಣಾದಾಗ ಹಾಜರಿ.
"ಏನ ಮಾಡ್ತಿ?" "ಮೆಣಸಿನಕಾಯಿ ಹೊರತೇನ್ರಿ."
ಹವಾಲ್ದಾರ ಪೆನ್ ಎತ್ತಿ ನನ್ನ ನೋಡತಾನ,
ಚ್ಯಾಷ್ಟಿ ಮಾಡ್ಲಿಕ್ಹತ್ತೀನಿ ಅಂತ ತಿಳದು.
ಹಾಳ್ಯಾಗ ಇನ್ನೂ ಹಳೇ ಹೆಸರ ಐತಿ.

ಮೊನ್ನೆ ಸೋಮವಾರ, ಹೊಸಾ ಮಾಲು ಬಂದಿತ್ತು.
ಪಿಗ್ಮಿ ಎತ್ತೂ ಹುಡಿಗಿ ಅಂಗಡಿ ಅಂಗಡಿ ತಿರಗಿ
ಹಮಾಲರ ಕಟ್ಟೀಗೂ ಬಂದ್ಲು.
"ಕಾಕಾ, ದಿನಾ ಇಪ್ಪತ್ತ ಹಾಕ್ರಿ. ಹೆಸರು?"
"ಶೇಖಪ್ಪ," ಅಂದೆ, ಬಾಯಿ ತಡವರಿಸಿ,
"ಶೇಖಪ್ಪ ಬಸಪ್ಪ ಕೊರವಿ."
ನನ್ನ ನೋಟಿನ್ಯಾಗಿನ ಕೆಂಪು ಧೂಳು ಅಕಿ ಬೆರಳಿಗೆ ಹತ್ತಿ,
ಬೆರಳು ಕಣ್ಣಿಗೆ ಹೋತು.
ಕೂತಲ್ಲೇ ಮಾರಿ ಮುಚಗೊಂಡ್ಲು.

ಕೊಡ ಹುಡುಕಲಿಕ್ಕ ಇಷ್ಟ ಜೋರ ಎಂದೂ ಓಡಿರಲಿಲ್ಲ ನಾ.
"ತಿಕ್ಕಬ್ಯಾಡವಾ, ಕಣ್ಣ ತಗಿ,
ತಣ್ಣೀರು… ಇನ್ನೊಂದೀಟು… ಇನ್ನೊಂದೀಟು…"
ಕೊಡ ಬರಿದಾದ್ರೂ
ಸುರವತಾನ ಇದ್ದೆ.