ಕಾಯುವುದು

ಎಂಟು ತಾಸು ಕೂತು ನಾನು ಕಾಯುವುದು
ಇನ್ನೂರ ಹತ್ತು ಮೆಗಾವ್ಯಾಟನ್ನು.
ಶಕ್ತಿನಗರ, ಮೂರನೇ ಯೂನಿಟ್ಟು.
ಮುಳ್ಳು ಅಲುಗಿದರೆ ಫೋನು, ಅಲುಗದಿದ್ದರೆ ಚಹಾ.
ಪಾಳಿ ಮುಗಿಸಿ, ಕೂದಲಿನ ಬೂದಿ ಕೊಡವಿ,
ಗಿಟಾರಿನ ಚೀಲ ಹೆಗಲಿಗೇರಿಸಿ ರಾಯಚೂರಿನ ಬಸ್ಸು ಹತ್ತಿ
ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ
ಷಾಶಾವಲಿ ಚಾಚಾನನ್ನು ಕೇಳಿದೆ:
‘ಐದು ವ್ಯಾಟಿಂದು ಸಿಗ್ತದೇನ್ರಿ?’

ಚಾಚಾ ಕನ್ನಡಕ ಹಣೆಗೇರಿಸಿ ನಕ್ಕ.
‘ಊರಿಗೆಲ್ಲಾ ಕರೆಂಟ್ ಕಳಸಾಕಿ ನೀ,
ನಿನಗ ಇಷ್ಟ ಸಾಕೇನವಾ ಎಸ್ತೇರಿ?’

ಸಾಕು.
ನಮ್ಮ ಕ್ವಾರ್ಟರ್ಸಿನ ಗೋಡೆ ಒಂದೇ ಇಟ್ಟಿಗೆಯ ದಪ್ಪ.
ಆಚೆ ಬದಿ ಬಾಯ್ಲರಿನ ತಾಯಪ್ಪ, ರಾತ್ರಿ ಪಾಳಿಯವನು,
ಹಗಲು ನಿದ್ದೆ ಮಾಡುವುದು ಅವನ ಎರಡನೇ ನೌಕರಿ.
ಹೋದ ವರ್ಷ ತಂದ ಐವತ್ತು ವ್ಯಾಟಿನ ಪೆಟ್ಟಿಗೆಯನ್ನು
ಒಂದರಿಂದ ಮೇಲಕ್ಕೆ ತಿರುಗಿಸಲೇ ಇಲ್ಲ.
ಒಂದರಲ್ಲಿ ಅದು ಬಾಯಿ ಬಿಡಲೂ ಇಲ್ಲ,
ಬೀಗರ ಮನೆ ಜಗಲಿಯಲ್ಲಿ ಕೂತ ಗಂಡಸಿನ ಹಾಗೆ
ಹೂಂ, ಹಾಂ, ಅಷ್ಟೇ.

ವಾಲ್ವು ಅಂದರೆ ಹಾಗೆ.
ತನ್ನ ತಾಕತ್ತಿನ ತುದಿಗೆ ನಿಂತಾಗಲೇ
ಅದರ ಗಂಟಲು ಒಡೆಯುವುದು.
ಒಡೆದ ಆ ಗಂಟಲಿಗೆ
ಚಾಚಾ ಇಟ್ಟ ಹೆಸರು ವಿಲಾಯಿತಿ ದನಿ.
ಅಮೆರಿಕದ್ದು ಬೇರೆ, ತೊಳೆದಿಟ್ಟ ಸ್ಟೀಲಿನ ತಾಟು:
ಮೇಲೆ ಮಿಂಚು, ತಳದಲ್ಲಿ ಗುಮ್ಮು, ನಡುವೆ ಖಾಲಿ.
ನನಗೆ ಬೇಕಾದದ್ದು ನಡು.
ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ
ಕಪ್ಪು ಚುಕ್ಕೆ ಬೀಳುತ್ತದಲ್ಲ,
ಆ ಜಾಗ.

ಹೊಸದೊಂದಿತ್ತು, ಬಂಗಾರದ ಅಕ್ಷರ,
ಹದಿನೈದು ವ್ಯಾಟು; ಗುಂಡಿ ಒತ್ತಿದರೆ ಒಂದಕ್ಕೆ ಇಳಿಯುತ್ತದಂತೆ.
ಮೂಗುದಾರ ಬಿಗಿದ ಹೋರಿ.
ಇನ್ನೊಂದು, ವಾಲ್ವೇ ಇಲ್ಲದ್ದು,
ಅರವತ್ತು ಪೆಟ್ಟಿಗೆಗಳ ದನಿ ಅಣಕಿಸುತ್ತಿತ್ತು.
ನಿನ್ನ ದನಿ ಯಾವುದಪ್ಪಾ ಅಂತ ಕೇಳಬೇಕೆನಿಸಿತು,
ಪಾಪ ಅನಿಸಿ ಬಿಟ್ಟೆ.

ಚಾಚಾ ಆಮೇಲೆ ಮೇಜಿನ ಕೆಳಗಿನಿಂದ ಎಳೆದದ್ದು
ಹಳೇ ರೇಡಿಯೋ. ಹೊರಗೆ ಮಾತ್ರ ರೇಡಿಯೋ.
‘ಇದು ನಂದ. ಸತ್ತದ್ದರ ಮನಿಯೊಳಗ ಜೀವ ಇದ್ದದ್ದು ಕುಂದ್ರಿಸೀನಿ.
ಎಂಟಿಂಚಿನ ಸ್ಪೀಕರು. ಟೋನಿಗೆ ಒಂದ ಗುಂಡಿ.
ನಿಮ್ಮ ಕಡೆ ಸಂಜಿಗೆ ವೋಲ್ಟೇಜ್ ಬೀಳ್ತದಲ್ಲ?’
ಬೀಳುತ್ತದೆ ಅಂದೆ, ನಾಚಿಕೆಯಾಯಿತು,
ಬೀಳದಂತೆ ನೋಡಿಕೊಳ್ಳುವವಳು ನಾನೇ ಎಂಬಂತೆ.
‘ಬೀಳಲಿ. ಬಿದ್ದಷ್ಟು ಮೆತ್ತಗಾಗ್ತದ.’

ಸ್ವಿಚ್ಚು ಹಾಕಿದ. ಏನೂ ಇಲ್ಲ.
‘ತಡಿ, ಕಾಯಬೇಕು.’

ನಮ್ಮಜ್ಜ ಯಾಕೋಬಪ್ಪ ಹಲಗೆಯವನು.
ಗುಡಿಯ ಅಂಗಳ ಬಿಟ್ಟು ಚರ್ಚಿನ ಅಂಗಳಕ್ಕೆ ಬಂದ ಮೇಲೂ
ಕ್ರಿಸ್ಮಸ್ ರಾತ್ರಿ ಹುಲ್ಲಿನ ಬೆಂಕಿಗೆ ಹಲಗೆ ಹಿಡಿದು
ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಕೇಳುವನು.
ಇನ್ನಾ ಇಲ್ಲ.
ಇನ್ನಾ ಇಲ್ಲ.
ಚಳಿಯಲ್ಲಿ ನಾವೆಲ್ಲ ಅವನ ಬೆರಳನ್ನೇ ನೋಡುತ್ತ.
ತೊಗಲಿನ ವಾಸನೆ. ಆಮೇಲೆ, ಹಾಂ, ಈಗ.

ನಾನೂ ಕಾದೆ, ಅದೂ ಕಾಯಿತು.
ಪೆಟ್ಟಿಗೆಯ ಬೆನ್ನಲ್ಲಿ ಬಗ್ಗಿ ನೋಡಿದರೆ
ಗಾಜಿನೊಳಗೆ ಕೆಂಡದಂಥ ಎಳೆ, ಒಂದು, ಎರಡು, ಮೂರು.
ಹುಟ್ಟಿದಾಗಿನಿಂದ ತೀನ್ ಕಂದೀಲ್ ಅನ್ನುತ್ತ ಬಂದವಳು
ಅಲ್ಲಿ ಕಂದೀಲು ಕಂಡದ್ದು ಅವತ್ತೇ.

ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ
ಎ ಹಿಡಿದು ಹೊಡೆದೆ.
ಕಪಾಟಿನ ಚಹಾ ಕಪ್ಪುಗಳು ಗದಗುಟ್ಟಿದವು.
ಎದುರಿನ ಬಳೆ ಅಂಗಡಿಯ ಹುಡುಗ ತಲೆ ಎತ್ತಿದ, ಬೈಯಲಿಲ್ಲ.
ತಂತಿ ನಿಂತ ಮೇಲೂ ದನಿ ನಿಲ್ಲದೆ
ಬಾಗಿಲವರೆಗೆ ನಡೆದು ಹೋಗಿ
ಹೊರಳಿ ನೋಡಿತು.

ಆರು ಸಾವಿರಕ್ಕೆ ಇಳಿಸಲು ಹೋದೆ, ಚಾಚಾ ಇಳಿಯಲಿಲ್ಲ.
ಏಳು ಕೊಟ್ಟೆ. ಮೇಲೆ ಒಂದು ವಾಲ್ವು ಪುಕ್ಕಟೆ,
ಹಳೇ ಪೇಪರಿನಲ್ಲಿ ಮೊಟ್ಟೆಯ ಹಾಗೆ ಸುತ್ತಿದ್ದು.

ಬಸ್ಸಿನಲ್ಲಿ ತೊಡೆಯ ಮೇಲೆ, ಟವಲಿನೊಳಗೆ.
ಕಂಡಕ್ಟರು ಮುಟ್ಟಿ ನೋಡಿ ಕೈ ಹಿಂದೆಳೆದ.
‘ಜ್ವರ ಬಂದಾವೇನ್ರಿ ಕೂಸಿಗೆ?’
ಹೌದು ಅಂದೆ, ಸಣ್ಣಗೆ.
ಹೊರಗೆ ಚಿಮಣಿಗಳು ಕಾಣತೊಡಗಿದ್ದವು.