ಇನ್ನೂರೆಪ್ಪತ್ತಮೂರು ಕೂಡಿಸು

ಯಾಕುತ್ಸ್ಕ್ ಪೇಟೆಯಲ್ಲಿ ಬಲೂನು ಮಾರುವ
ದ್ಯುಲುಸ್ತಾನನ ಅಂಗಡಿಗೆ
ಹೋದ ಹತ್ತೇ ನಿಮಿಷಕ್ಕೆ ತಿರುಗಿ ಬಂದಳು
ಮಾತ್ರ್ಯೋನಾ ಅಜ್ಜಿ,
ರೆಪ್ಪೆಗೆಲ್ಲ ಹಿಮ ಮೆತ್ತಿಕೊಂಡು.

"ತೂಕದಲ್ಲಿ ಕದಿಯುವ ಮೀನಿನವರನ್ನು ಕಂಡಿದ್ದೇನೆ,
ಗಾಳಿಯಲ್ಲೂ ಕದಿಯುವವನು ನೀನೊಬ್ಬನೇ!"
ಮೊಮ್ಮಗಳಿಗೆಂದು ಕೊಂಡ ಕೆಂಪು ಬಲೂನು
ಅವಳ ಕೆನ್ನೆಯಷ್ಟೇ ಸುಕ್ಕಾಗಿತ್ತು.

ಅವನು ಜಗಳಕ್ಕಿಳಿಯಲಿಲ್ಲ.
ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ:
ಒಳಗೆ ಇಪ್ಪತ್ತು ಡಿಗ್ರಿ,
ಹೊರಗೆ ಸೊನ್ನೆಗಿಂತ ನಲವತ್ತೈದು ಕೆಳಗೆ.
ಎರಡಕ್ಕೂ ಇನ್ನೂರೆಪ್ಪತ್ತಮೂರು ಕೂಡಿಸು, ಅಜ್ಜಿ.
ನಿಜವಾದ ಸೊನ್ನೆ ಅಷ್ಟು ಆಳದಲ್ಲಿದೆ,
ನಮ್ಮ ಜನವರಿಗೂ ಕೈಗೆಟುಕದು.
ಇನ್ನೂರ ತೊಂಬತ್ತಮೂರು. ಇನ್ನೂರ ಇಪ್ಪತ್ತೆಂಟು.
ಹತ್ತು ಲೀಟರು ಹೊಸಿಲು ದಾಟಿ
ಏಳೂಮುಕ್ಕಾಲು, ಚಿಲ್ಲರೆ.

"ಮಿಕ್ಕಿದ್ದು?"
"ಎಲ್ಲೂ ಹೋಗಿಲ್ಲ. ಚಳಿಗೆ ಒತ್ತಿಕೊಂಡು ಕೂತಿದೆ."

ಮೊದಲ ಚಳಿಗಾಲ ಅವನೂ ಎಡವಿದ್ದ.
ಬೀದಿಯಲ್ಲೇ ಬಿಗಿಯಾಗಿ ತುಂಬಿ
ಮದುವೆಯ ಮನೆಗೆ ಹೊತ್ತೊಯ್ದ ನಲವತ್ತು ಬಲೂನು
ಒಲೆಯ ಕಾವಿಗೆ ಉಬ್ಬಿ, ಉಬ್ಬಿ,
ಹರಕೆಯ ಮಾತಿನ ನಡುವೆ ಒಂದೊಂದೇ ಸಿಡಿದು
ಮದುಮಗನ ತಾತ ಮೇಜಿನಡಿ ಹೊಕ್ಕಿದ್ದ.
ಲೆಕ್ಕ ಕಲಿತದ್ದು ಆಮೇಲೆ.

ಅಜ್ಜಿ ಚೀಟಿಯತ್ತ ನೋಡಲೂ ಇಲ್ಲ.
ಹೀಟರಿನ ಪಕ್ಕ, ಅವಳ ಮುಷ್ಟಿಯ ಮೇಲೆ
ಬಲೂನು ಸದ್ದಿಲ್ಲದೆ ಸುಕ್ಕು ಬಿಡಿಸಿಕೊಳ್ಳುತ್ತಿತ್ತು.

"ಹೂಂ, ಕದ್ದದ್ದನ್ನು ಹಿಂದಕ್ಕೆ ಹಾಕಿದೆ ತಾನೇ"
ಎಂದಳು. ಆಮೇಲೆ ತುಪ್ಪಳದ ಕೋಟಿನ
ಗುಂಡಿ ಬಿಚ್ಚಿ, ಬಲೂನನ್ನು ಒಳಗಿಟ್ಟು,
ಮತ್ತೆ ಗುಂಡಿ ಹಾಕಿಕೊಂಡು
ಎಪ್ಪತ್ತರ ಬಸುರಿಯ ಹಾಗೆ
ಬಸ್ಸು ಹತ್ತಿದಳು.